ಎಳ್ಕೊಂಡು ಹೋಗುವ ಮನೆಯಾ, ಓಡಿಸ್ಕೊಂಡು ಹೋಗುವ ಮನೆಯಾ? ಒಂದೂವರೆ ವರ್ಷ ಸುತ್ತಿದ ಕತೆ

ಕಳೆದ ಸೋಮವಾರ ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಫೋನ್ ನೋಡಿದ್ರೆ ಪರಿವಾಹನ್ ಸೈಟಿನಲ್ಲಿ ನಮ್ಮ ಗಾಡಿಯ ಆರ್‌ಸಿ ಬಂದಿತ್ತು. ವೆಹಿಕಲ್ ಕ್ಲಾಸ್ ಅಂತ ಇರುವಲ್ಲಿ "ಮೋಟಾರ್ ಕ್ಯಾರವಾನ್", ಅಂದ್ರೆ ಒಳಗೇ ಮಂಚ, ಅಡಿಗೆ, ಟಾಯ್ಲೆಟ್ ಎಲ್ಲ ಇರುವ ಗಾಡಿ. ಆ ಎರಡು ಶಬ್ದಕ್ಕೆ ನಾವು ಒಂದೂವರೆ ವರ್ಷ ಒದ್ದಾಡಿದ್ದು ಮಾರಾಯ್ರೆ. ಪಕ್ಕದಲ್ಲಿದ್ದ ಟೀಚರಿಗೆ ತೋರಿಸಿದೆ, ಅವರು "ಓ, ವ್ಯಾನಾ" ಅಂತ ಹೇಳಿ ಪುನಃ ನೋಟ್ಸ್ ತಿದ್ಲಿಕ್ಕೆ ಶುರು ಮಾಡಿದ್ರು. ಸರಿ, ಅವರಿಗೆ ಎಂತ ಗೊತ್ತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ. ಚೆರ್ಕಳ-ಕಲ್ಲಡ್ಕ ರಸ್ತೆಯಿಂದ ಒಳಗೆ ಎರಡು ಕಿಲೋಮೀಟರ್, ಅರ್ಧ ಕಾಂಕ್ರೀಟು ಅರ್ಧ ಮಣ್ಣು. ಇವರು ಅಡಿಕೆ ತೋಟ ನೋಡ್ಕೊಳ್ತಾರೆ, ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಕ್ಯಾರವಾನ್ ಬೇಕು ಅಂತ ನಮಗೆ ಶೋಕಿ ಇರ್ಲಿಲ್ಲ. ಅತ್ತೆಗೆ 74 ವರ್ಷ, ಶುಗರ್ ಉಂಟು, ಎರಡೂ ಮೊಣಕಾಲು ನೋವು. ಆದ್ರೆ ಹೋಗುವ ಆಸೆ ಮಾತ್ರ ಕಮ್ಮಿ ಇಲ್ಲ, ಕಟೀಲು ಆಗ್ಬೇಕು, ಸುಬ್ರಹ್ಮಣ್ಯ ಆಗ್ಬೇಕು, ಗೋಕರ್ಣ ಒಂದು ಸಲ ಆಗ್ಬೇಕು. 2024ರ ಏಪ್ರಿಲಲ್ಲಿ ಕಟೀಲಿಗೆ ಹೋಗಿ ಬಂದ ಮರುದಿನ ಅವರಿಗೆ ಜ್ವರ, ಡಾಕ್ಟ್ರು ಯೂರಿನ್ ಇನ್ಫೆಕ್ಷನ್ ಅಂದ್ರು. ರಾತ್ರಿ ನಾನು ಗಂಜಿ ಕೊಡ್ಲಿಕ್ಕೆ ಹೋದಾಗ ಮೆಲ್ಲ ಹೇಳಿದ್ರು, "ನಾನು ಎಲ್ಲಿಗೆ ಹೋಗುದಾದ್ರೂ ಹಿಂದಿನ ರಾತ್ರಿಯಿಂದ ನೀರು ಕುಡಿಯುದಿಲ್ಲ, ದಾರಿಯಲ್ಲಿ ಹೋಗ್ಲಿಕ್ಕೆ ಎಲ್ಲಿ ಉಂಟು, ನೀನು ಅವನಿಗೆ ಹೇಳ್ಬೇಡ." ಎಷ್ಟು ವರ್ಷದಿಂದ ಹಾಗೆ ಮಾಡ್ತಿದ್ರೋ ಏನೋ. ಪೆಟ್ರೋಲ್ ಪಂಪಿನ ಟಾಯ್ಲೆಟ್ ಎಲ್ಲ ಇಂಡಿಯನ್, ಕೂತ್ರೆ ಅವರಿಗೆ ಏಳ್ಲಿಕ್ಕಾಗುದಿಲ್ಲ. ನಾನು ಇವರಿಗೆ ಹೇಳಿದೆ, ಹೇಳದೆ ಇದ್ರೆ ಹೇಗೆ.

ಇವರಿಗೆ ಗಾಡಿ ಅಂದ್ರೆ ಮರ್ಲು. ಒಂದೇ ವಾರದಲ್ಲಿ ಮಿಚಿಗನ್‌ನಲ್ಲಿರುವ ಭಾವನ ಮಗನಿಗೆ ವಿಡಿಯೋ ಕಾಲ್ ಮಾಡಿ ಇಡೀ ಶಾಸ್ತ್ರ ಕೇಳಿ ಆಯ್ತು. ಅವನು ಹೇಳಿದ್ದು ಚುಟುಕಾಗಿ ಬರೀತೇನೆ. ಅಲ್ಲಿ ಎರಡು ಜಾತಿ. ಒಂದು ಕಾರಿಗೋ ಪಿಕಪ್ಪಿಗೋ ಕಟ್ಟಿ ಎಳೆಯುವ ಟ್ರೈಲರ್. ಅದರಲ್ಲೂ ದೊಡ್ಡದಕ್ಕೆ ಫಿಫ್ತ್ ವೀಲ್ ಅಂತಾರೆ, ಅದನ್ನು ಪಿಕಪ್ಪಿನ ಬಾಡಿಯ ಒಳಗೆ, ಹಿಂದಿನ ಆಕ್ಸಲ್‌ನ ಮೇಲೆ ಕೂರಿಸುದು. ಇನ್ನೊಂದು ಜಾತಿ ಮೋಟರ್‌ಹೋಮ್, ಇಂಜಿನು ಮನೆ ಎಲ್ಲ ಒಂದೇ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ, ವ್ಯಾನಿನ ಒಳಗೇ ಮಾಡಿದ್ದು ಬಿ, ಡ್ರೈವರಿನ ತಲೆ ಮೇಲೆ ಮಂಚ ಬರುವ ಹಾಗೆ ಮಾಡಿದ್ದು ಸಿ. ಟ್ರೈಲರಿನ ಲಾಭ ಎಂತ ಅಂದ್ರೆ ಒಂದು ಕಡೆ ಬಿಚ್ಚಿಟ್ಟು ಕಾರಲ್ಲಿ ಪೇಟೆ ಸುತ್ತಬಹುದು, ಇಂಜಿನ್ ಹಾಳಾದ್ರೆ ಕಾರು ಮಾತ್ರ ಗ್ಯಾರೇಜಿಗೆ, ಮನೆ ಅಲ್ಲೇ ಇರ್ತದೆ. ರೇಟೂ ಕಮ್ಮಿ. ಮೋಟರ್‌ಹೋಮಿನವರು ಪೇಟೆ ಸುತ್ಲಿಕ್ಕೆ ಹಿಂದೆ ಒಂದು ಸಣ್ಣ ಕಾರು ಕಟ್ಕೊಂಡು ಹೋಗ್ತಾರಂತೆ, ಅಂದ್ರೆ ಅಲ್ಲಿಗೆ ಅವರೂ ಎಳೆಯುದೇ ಆಯ್ತಲ್ಲ!

ಇವರು ಕೂಡ್ಲೇ ಟ್ರೈಲರ್ ಪಾರ್ಟಿ. ಕಾರಣ ಸರಳ, ಜಾಲಲ್ಲಿ, ಅಂದ್ರೆ ಅಂಗಳದಲ್ಲಿ, ಬೊಲೆರೊ ಪಿಕಪ್ ನಿಂತಿದೆ, ಕಟ್ಟಿದ್ರೆ ಆಯ್ತು. ನನಗೆ ಎಂತದೂ ಗೊತ್ತಿರ್ಲಿಲ್ಲ, ಆದ್ರೂ ನಾನು ಒಂದೇ ಪ್ರಶ್ನೆ ಕೇಳಿದ್ದು, "ಅತ್ತೆ ಎಲ್ಲಿ ಕೂತ್ಕೊಳ್ಳುದು?" ಓಡುವಾಗ ಟ್ರೈಲರಿನ ಒಳಗೆ ಜನ ಕೂರುವ ಹಾಗಿಲ್ಲ. ಅವರು ಪಿಕಪ್ಪಲ್ಲಿ ಕೂತು, ನಿಲ್ಸಿದ ಮೇಲೆ ಇಳಿದು, ಮಳೆಯಲ್ಲಿ ಕೊಡೆ ಹಿಡ್ಕೊಂಡು ಹಿಂದೆ ನಡೆದು, ಪುನಃ ಮೆಟ್ಲು ಹತ್ತಬೇಕು. ಇವರು "ಅದೆಲ್ಲ ನೋಡುವ" ಅಂದ್ರು. ನೋಡುವ ಅಂದ್ರೆ ನಮ್ಮನೆಯಲ್ಲಿ ಇಲ್ಲ ಅಂತ ಅರ್ಥ ಅಲ್ಲ, ಉಂಟು ಅಂತಲೂ ಅಲ್ಲ.

ಈಗ ಮೊದಲ ಪೆಟ್ಟು ತಿಂದದ್ದು. ಸೆಪ್ಟೆಂಬರಲ್ಲಿ ಯಾರೋ ಹೇಳಿದ್ರು ಅಂತ ಒಂದು ಬಾಡಿ ಕಟ್ಟುವ ವರ್ಕ್‌ಶಾಪಿಗೆ ಹೋದೆವು, ಊರು ಹೆಸರು ಬೇಡ. ಅವರು ಹೇಳಿದ್ದು ಕೇಳಿದ್ರೆ ಬಾಯಲ್ಲಿ ನೀರು ಬರ್ಬೇಕು. "ಸೆಕೆಂಡ್ ಹ್ಯಾಂಡ್ ಟ್ರಾವೆಲರ್ ವ್ಯಾನ್ ತನ್ನಿ, 8 ಲಕ್ಷದಲ್ಲಿ ಮಂಚ, ಟಾಯ್ಲೆಟ್, ಕಿಚನ್ ಎಲ್ಲ ಮಾಡಿ ಕೊಡ್ತೇವೆ, ಟ್ರೈಲರ್ ಬೇಕಾದ್ರೆ ಅದೂ ಆಗ್ತದೆ, 5 ಸಾಕು." ಆರ್‌ಸಿ? "ಅದೆಂತ ಇಲ್ಲ ಮೇಡಂ, ಹೊರಗಿಂದ ನೋಡಿದ್ರೆ ಗೊತ್ತೇ ಆಗುದಿಲ್ಲ, ಕರ್ಟನ್ ಹಾಕಿದ್ರೆ ಆಯ್ತು." ಇವರು ಖುಷಿಯಲ್ಲಿ 25,000 ಅಡ್ವಾನ್ಸ್ ಕೊಟ್ಟೇ ಬಿಟ್ರು. ನನಗೆ ರಾತ್ರಿ ನಿದ್ದೆ ಇಲ್ಲ, ಕೂತು ಓದ್ಲಿಕ್ಕೆ ಶುರು ಮಾಡಿದೆ. ಓದಿದ್ದು ಇಷ್ಟು, ನೀವೂ ಇದನ್ನು ಮೊದ್ಲು ಓದಿ ಮತ್ತೆ ಗಾಡಿ ನೋಡ್ಲಿಕ್ಕೆ ಹೋಗಿ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಸ್ಪೆಸಿಫಿಕೇಶನ್ನಿಗೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿ ಹೇಳಿದೆ, ಅದೂ ನಮ್ಮ ಕೇರಳದಿಂದ ಹೋದ ಕೇಸಿನಲ್ಲಿ. ಒಪ್ಪಿಗೆ ಸಿಗುವಂಥ ಬದಲಾವಣೆ ಆದ್ರೂ ಮೊದಲೇ ಪರ್ಮಿಶನ್ ಬೇಕು, ಕೆಲಸ ಮುಗಿದ 14 ದಿನದ ಒಳಗೆ ತಿಳಿಸ್ಬೇಕು. ಸುಮ್ಮನೆ ಮಾಡಿಸಿದ್ರೆ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲಾಂದ್ರೆ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಹೋಗ್ಲಿ, ಎಂತಾದ್ರೂ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವರು ಮೊದ್ಲು ನೋಡುದೇ ಆರ್‌ಸಿಯಲ್ಲಿ ಎಂತ ಉಂಟು, ಗಾಡಿಯಲ್ಲಿ ಎಂತ ಉಂಟು ಅಂತ. ಅಡ್ವಾನ್ಸ್ ವಾಪಸ್ ಕೇಳ್ಲಿಕ್ಕೆ ನಾಲ್ಕು ಸಲ ಹೋದೆವು, 10,000 ಸಿಕ್ಕಿತು, 15,000 ಹೋಯ್ತು. ಹೋಗ್ಲಿ, ಫೀಸು ಅಂತ ಲೆಕ್ಕ ಹಾಕಿದೆವು.

ಇವರ ಟ್ರೈಲರ್ ಮರ್ಲು ಮಾತ್ರ ಬಿಡ್ಲಿಲ್ಲ. ನವೆಂಬರಲ್ಲಿ, ಕೊಯ್ಲು ಶುರುವಾಗುವ ಮೊದ್ಲು, ವಿಟ್ಲ ಕಡೆಯ ಇವರ ದೋಸ್ತಿ ಒಬ್ರು ತಾವೇ ಮಾಡಿಸಿದ ಒಂದು ಸಣ್ಣ ಟ್ರೈಲರ್ ಎರಡು ದಿನಕ್ಕೆ ಕೊಟ್ರು. ಪಾಪ ಚಂದ ಇತ್ತು. ಒಳಗೆ ಒಂದು ಮಂಚ, ಹಿಂದೆ ಬಾಗಿಲು ಎತ್ತಿದ್ರೆ ಗ್ಯಾಸ್ ಸ್ಟವ್. ನಾವು ಖುಷಿಯಲ್ಲಿ ಎರಡು ಇಪ್ಪತ್ತು ಲೀಟರ್ ನೀರಿನ ಕ್ಯಾನು, ಅಕ್ಕಿ, ಕುಕ್ಕರು, ಚಾಪೆ ಎಲ್ಲ ಹಿಂದಿನ ಬಾಗಿಲ ಹತ್ರ ತುಂಬಿಸಿದೆವು, ತೆಗೀಲಿಕ್ಕೆ ಸುಲಭ ಅಂತ. ಅಡ್ಯನಡ್ಕ ದಾಟಿ ಸ್ವಲ್ಪ ನೇರ ರಸ್ತೆ ಸಿಕ್ಕಿದಾಗ ಇವರು 60ರ ಹತ್ರ ಬಿಟ್ರು ನೋಡಿ, ಹಿಂದಿನದ್ದು ನಾಯಿ ಬಾಲ ಆಡಿಸಿದ ಹಾಗೆ ಆ ಕಡೆ ಈ ಕಡೆ ಹೊಡೀಲಿಕ್ಕೆ ಶುರು. ಪಿಕಪ್ಪನ್ನೇ ಎಳ್ದು ಎಳ್ದು ಅಲುಗಾಡಿಸ್ತದೆ. ನಾನು ಬೊಬ್ಬೆ ಹಾಕಿದೆ. ಮೆಲ್ಲ ಸ್ಪೀಡ್ ಇಳಿಸಿ ನಿಲ್ಸಿ ದೋಸ್ತಿಗೆ ಫೋನ್ ಮಾಡಿದ್ರೆ ಅವರು ನಗಾಡಿದ್ರು, ಭಾರ ಹಿಂದೆ ಆದ್ರೆ ಹಾಗೇ ಆಗುದು, ಮುಂದೆ ಹಾಕಿ ಅಂತ. ಅಮೇರಿಕದಲ್ಲಿ ಟ್ರೈಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಕ್ಕೆಯ ಮೇಲೆ ಬೀಳ್ಬೇಕು ಅಂತ ಲೆಕ್ಕ ಉಂಟಂತೆ, ಭಾವನ ಮಗ ಮತ್ತೆ ಹೇಳಿದ್ದು. ಮೊದ್ಲೇ ಹೇಳ್ಲಿಕ್ಕಾಗ್ತಿರ್ಲಿಲ್ವ ಅವನಿಗೆ. ಕ್ಯಾನು ಮುಂದೆ ಹಾಕಿದ ಮೇಲೆ ಬಾಲ ಆಡುದು ನಿಂತಿತು.

ಅದಾಗಿ ಪೆರ್ಲ ಬರುವ ಮೊದ್ಲು ಒಂದು ತಿರುವಿನಲ್ಲಿ ಎದುರಿಂದ ಕೆಂಪುಕಲ್ಲಿನ ಲಾರಿ. ಅವನು ಹಿಂದೆ ಹೋಗುದಿಲ್ಲ, ನಾವು ರಿವರ್ಸ್ ಹೋಗ್ಬೇಕು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಟ್ರೈಲರ್ ಎಡಕ್ಕೆ, ಎಡಕ್ಕೆ ತಿರುಗಿಸಿದ್ರೆ ಬಲಕ್ಕೆ, ಸ್ವಲ್ಪ ಜಾಸ್ತಿ ಆದ್ರೆ ಮಡಚುವ ಚಾಕುವಿನ ಹಾಗೆ ಎರಡೂ ಮಡಚಿ ಹೋಗ್ತದೆ. ಇವರು ಇಪ್ಪತ್ತು ವರ್ಷ ಗಾಡಿ ಓಡಿಸಿದವರು, ಬೆವರು ಇಳಿದು ಹೋಯ್ತು, ಹಿಂದೆ ಆರು ಗಾಡಿ ಹಾರ್ನ್ ಹಾಕ್ತಾ ಇದ್ರೆ ಮರ್ಯಾದೆ ಹೋಗುದು ಬೇರೆ. ಕಡೆಗೆ ಲಾರಿಯ ಕ್ಲೀನರೇ ಇಳಿದು ಬಂದು, ನಾಲ್ಕು ಜನ ಸೇರಿ ಟ್ರೈಲರ್ ಬಿಚ್ಚಿ ಕೈಯಲ್ಲಿ ದೂಡಿ ಬದಿಗೆ ಇಟ್ಟದ್ದು. ನಮ್ಮಲ್ಲಿ ಟಿಲ್ಲರ್ ಓಡಿಸುವ ಅಣ್ಣನ ಹತ್ರ ಸಂಜೆ ಇದನ್ನು ಹೇಳಿದ್ರೆ ಅವರು ಟ್ರೈಲರನ್ನು ನಮ್ಮ ಓಣಿಯಲ್ಲಿ ಬದಿಯ ಮಣ್ಣಿನ ಬರೆಗೆ ಒಂದು ಗೇಣು ಬಿಟ್ಟು ರಿವರ್ಸಲ್ಲೇ ಜಾಲಿಗೆ ತಂದು ನಿಲ್ಸಿದ್ರು. "ಹಿಂದೆ ನೋಡ್ಬಾರ್ದು ಧನಿ, ಚಕ್ರ ನೋಡ್ಬೇಕು" ಅಂದ್ರು. ಸರಿ, ಆದ್ರೆ ಅವರನ್ನು ಗೋಕರ್ಣಕ್ಕೆ ಕರ್ಕೊಂಡು ಹೋಗ್ಲಿಕ್ಕಾಗ್ತದಾ.

ಮರುದಿನ ವಾಪಸ್ ಕೊಡ್ಲಿಕ್ಕೆ ಹೋಗುವಾಗ ಗಡಿಯ ಹತ್ರ ಚೆಕಿಂಗಿನಲ್ಲಿ ಪೊಲೀಸರು ಕೇಳಿದ್ರು, "ಇದರ ನಂಬರ್ ಎಲ್ಲಿ?" ನಾವು ಪಿಕಪ್ಪಿನ ನಂಬರ್ ತೋರಿಸಿದೆವು. "ಅದಲ್ಲ, ಟ್ರೈಲರಿನದ್ದು." ಆಗಲೇ ಗೊತ್ತಾದ್ದು, ಟ್ರೈಲರ್ ಅಂದ್ರೆ ಅದೂ ಒಂದು ಗಾಡಿಯೇ, ಅದಕ್ಕೆ ಬೇರೆ ರಿಜಿಸ್ಟ್ರೇಶನ್, ಬೇರೆ ಇನ್ಶೂರೆನ್ಸ್. ಒಳ್ಳೇ ಮನುಷ್ಯ, ಬುದ್ಧಿ ಹೇಳಿ ಬಿಟ್ರು. ಆರ್‌ಟಿಒದವರ ವಾಹನ್ ಸಾಫ್ಟ್‌ವೇರಿನಲ್ಲಿ "ಟ್ರೈಲರ್ ಫಾರ್ ಪರ್ಸನಲ್ ಯೂಸ್" ಅಂತಲೂ, "ಕ್ಯಾಂಪರ್ ವ್ಯಾನ್/ಟ್ರೈಲರ್" ಅಂತಲೂ ಕ್ಲಾಸ್ ಉಂಟು, ಹಾಗಾಗಿ ಟ್ರೈಲರ್ ತೆಗೊಳ್ಲಿಕ್ಕೇ ಆಗುದಿಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಅಪ್ರೂವಲ್ ಇರುವ ತಯಾರಕರಿಂದಲೇ ತೆಗೊಳ್ಬೇಕು, ಊರ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿ ಓಡಿಸುದು ಅಲ್ಲ. ತೂಕದ ಪ್ರಕಾರ ವರ್ಗವೂ ಉಂಟು, ಒಟ್ಟು ತೂಕ 750 ಕೆಜಿ ಒಳಗೆ ಇದ್ರೆ ಟಿ1, ಅದರಿಂದ ಮೇಲೆ ಮೂರೂವರೆ ಟನ್ನಿನವರೆಗೆ ಟಿ2. ಟಾಯ್ಲೆಟ್, ನೀರಿನ ಟ್ಯಾಂಕು ಎಲ್ಲ ಇಟ್ರೆ 750ರ ಒಳಗೆ ನಿಲ್ಸುದು ಕಷ್ಟ.

ಅತ್ತೆಯ ಟೆಸ್ಟ್ ಮಾತ್ರ ಎರಡೇ ನಿಮಿಷದ್ದು. ಟ್ರೈಲರ್ ಜಾಲಲ್ಲಿದ್ದ ರಾತ್ರಿ ಅವರು ಟಾರ್ಚ್ ಹಿಡ್ಕೊಂಡು ಬಂದು ಬಾಗಿಲಿನ ಮೆಟ್ಲಿಗೆ ಬಲಗಾಲು ಇಟ್ರು, ಕೈಯಲ್ಲಿ ಹಿಡೀಲಿಕ್ಕೆ ಹುಡುಕಿದ್ರು, ಎಂತದೂ ಇಲ್ಲ. ಕಾಲು ಕೆಳಗೆ ತೆಗೆದು "ಚಂದ ಉಂಟು, ಮಕ್ಕಳಿಗೆ ಆದೀತು" ಅಂತ ಹೇಳಿ ಒಳಗೆ ಹೋದ್ರು. ಇವರು ಮಾತಾಡ್ಲಿಲ್ಲ. ಬೆಳಿಗ್ಗೆ ಕಾಫಿ ಕುಡೀತಾ "ವ್ಯಾನೇ ನೋಡುವ" ಅಂದ್ರು. ಈ ಸಲದ ನೋಡುವ ಬೇರೆ ನೋಡುವ.

ಅಷ್ಟಾದ ಮೇಲೆ ಡಿಸೈಡ್ ಮಾಡ್ಲಿಕ್ಕೆ ಹೆಚ್ಚು ಇರ್ಲಿಲ್ಲ. ಭಾವನ ಮಗನಿಗೆ ಟ್ರೈಲರ್ ಯಾಕೆ ಸುಲಭ ಅಂದ್ರೆ ಅಲ್ಲಿ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಬರುವಂಥ ಜಾಗ ಸಿಗ್ತದೆ, ರಿವರ್ಸೇ ಬೇಡ, ನೀರು ಕರೆಂಟು ಡ್ರೈನೇಜು ಮೂರೂ ಪೈಪು ಅಲ್ಲೇ. ಅವನು ಒಂದೇ ಕಡೆ ನಾಲ್ಕು ದಿನ ಬಿಡಾರ ಹೂಡ್ತಾನೆ. ನಾವು ಹೋಗುದು ದೇವಸ್ಥಾನಕ್ಕೆ, ನಂಟರ ಮನೆಗೆ, ಒಂದೊಂದು ರಾತ್ರಿ. ದಿನಾ ಬಿಚ್ಚಿ ಕಟ್ಟುದು ಯಾರು? ನಿಮ್ಮಲ್ಲಿ ಸಣ್ಣ ಮಕ್ಕಳು, ಒಳ್ಳೇ ಗಾಡಿ, ಎಸ್ಟೇಟಿನಂಥ ಒಂದೇ ಜಾಗಕ್ಕೆ ಹೋಗಿ ವಾರ ಕೂರುವ ಕ್ರಮ ಇದ್ರೆ ಟ್ರೈಲರೇ ಲಾಭ, ವರ್ಷದಲ್ಲಿ ಹತ್ತು ತಿಂಗಳು ಇಂಜಿನ್ ಒಂದು ಸುಮ್ಮನೆ ನಿಂತು ಹಾಳಾಗುದಿಲ್ಲ.

ದುಡ್ಡಿನ ವಿಷಯ. ನಮಗೆ ಸಿಕ್ಕಿದ ಕೊಟೇಶನ್ ಅಪ್ರೂವಲ್ ಇರುವ ಟ್ರೈಲರಿಗೆ 11 ಲಕ್ಷ, ವ್ಯಾನಿಗೆ ಬೇಸ್ ಗಾಡಿ ಸೇರಿ 28 ಲಕ್ಷ. ಎರಡೂವರೆ ಪಾಲು! ಎರಡು ವರ್ಷ ಇಟ್ಟಿದ್ದ ಡಬ್ಬಲ್ ಚೋಲ್ ಅಡಿಕೆ ಮಾರಿದೆವು, ನನ್ನ ಪಿಎಫಿನಿಂದ ಸ್ವಲ್ಪ, ಬಾಕಿಗೆ ಲೋನು. ಲೋನಿನಲ್ಲಿ ಒಂದು ತಮಾಷೆ, ಬ್ಯಾಂಕಿನವರ ಕಂಪ್ಯೂಟರಿನಲ್ಲಿ ಕಾರು ಉಂಟು, ಟೆಂಪೋ ಉಂಟು, ಕ್ಯಾರವಾನ್ ಇಲ್ಲ. ಮೊದ್ಲ ಬ್ಯಾಂಕು ಕಮರ್ಶಿಯಲ್ ಅಂತ ಹಾಕಿ ಬಡ್ಡಿ ಜಾಸ್ತಿ ಮಾಡಿತು, "ನಾವು ಬಾಡಿಗೆಗೆ ಬಿಡುದಿಲ್ಲ" ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಎರಡನೇ ಕಡೆ ಮ್ಯಾನೇಜರ್ ಹೆಡ್ ಆಫೀಸಿಗೆ ಬರೆದು ಐದು ವಾರ ಕಾದು ಪ್ರೈವೇಟ್ ಅಂತಲೇ ಮಾಡಿ ಕೊಟ್ರು. ಬಾಡಿಗೆಗೆ ಬಿಡುದಾದ್ರೆ ಹಳದಿ ಬೋರ್ಡು, ಪರ್ಮಿಟ್, ಅದೇ ಬೇರೆ ಲೋಕ. ಕೇರಳ ಸರ್ಕಾರದ ಕ್ಯಾರವಾನ್ ಕೇರಳಂ ಅಂತ 2021ರಲ್ಲಿ ಬಂದ ಯೋಜನೆಯಲ್ಲಿ ಮೊದ್ಲ 100 ಗಾಡಿಗೆ ಏಳೂವರೆ ಲಕ್ಷ ಅಥವಾ 15 ಪರ್ಸೆಂಟ್, ಯಾವುದು ಕಮ್ಮಿಯೋ ಅದು, ಸಬ್ಸಿಡಿ ಅಂತ ಇತ್ತು. ವಾಟ್ಸಾಪಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಕಳಿಸ್ತಾರೆ, ಅದು ಟೂರಿಸಂ ಗಾಡಿ ನಡೆಸುವವರಿಗೆ, ಅತ್ತೆಯನ್ನು ದೇವಸ್ಥಾನಕ್ಕೆ ಕರ್ಕೊಂಡು ಹೋಗುವವರಿಗೆ ಅಲ್ಲ.

ಲೈಸೆನ್ಸ್ ಬಗ್ಗೆ ತುಂಬಾ ಜನ ಕೇಳ್ತಾರೆ. ಒಟ್ಟು ತೂಕ 7,500 ಕೆಜಿ ಒಳಗೆ ಇದ್ರೆ ಮಾಮೂಲಿ ಎಲ್‌ಎಂವಿ, ಅಂದ್ರೆ ಕಾರಿನ ಲೈಸೆನ್ಸೇ, ಸಾಕು, ನಮ್ಮದು ಅದರ ಹತ್ತಿರವೂ ಬರುದಿಲ್ಲ. ನಾವು ಟ್ರೈಲರ್ ಎಳೆದು ಒದ್ದಾಡಿದ ಅದೇ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಇಷ್ಟು ತೂಕದ ಟ್ರಾನ್ಸ್‌ಪೋರ್ಟ್ ಗಾಡಿಯನ್ನೂ ಎಲ್‌ಎಂವಿ ಲೈಸೆನ್ಸಿನವರು ಓಡಿಸಬಹುದು ಅಂತ ತೀರ್ಪು ಕೊಟ್ಟಿತ್ತು.

ಕಟ್ಟುವವರನ್ನು ಹುಡುಕುವಾಗ ನಾನು ಕೇಳಿದ ಪ್ರಶ್ನೆ ಒಂದೇ, "ಈ ಮಾಡೆಲಿಗೆ ನಿಮ್ಮತ್ರ ಎಐಎಸ್-124 ಅಪ್ರೂವಲ್ ಉಂಟಾ, ಕಾಪಿ ಕಳಿಸಿ." ಅದು ಮೋಟಾರ್ ಕ್ಯಾರವಾನಿಗೇ ಇರುವ ಸ್ಟಾಂಡರ್ಡು, ಕೂರ್ಲಿಕ್ಕೆ ಸೀಟು ಮೇಜು, ಮಲಗ್ಲಿಕ್ಕೆ ಜಾಗ, ಅಡಿಗೆ, ಸಾಮಾನಿಡುವ ವ್ಯವಸ್ಥೆ ಎಲ್ಲ ಇರ್ಬೇಕು ಅಂತ ಅದರಲ್ಲಿ ಉಂಟು. ಏಳು ಜನರಿಗೆ ಫೋನ್ ಮಾಡಿದೆ, ನಾಲ್ಕು ಜನ "ಅದೆಲ್ಲ ಆಗ್ತದೆ ಮೇಡಂ" ಅಂದ್ರು, ಇಬ್ರು ಫೋನೇ ಇಟ್ರು, ಒಬ್ರು ಹತ್ತು ನಿಮಿಷದಲ್ಲಿ ಕಾಪಿ ಕಳಿಸಿದ್ರು. ಅವರಿಗೇ ಕೊಟ್ಟೆವು. ಬೇರೆ ರಾಜ್ಯದವರು. 2025ರ ಜನವರಿಯಲ್ಲಿ ಬುಕಿಂಗ್, ಮಾರ್ಚಿಗೆ ಬೇಸ್ ಗಾಡಿ ಬಂತು, 90 ದಿನದಲ್ಲಿ ಕೊಡ್ತೇವೆ ಅಂದವರು ಕೊಟ್ಟದ್ದು ಜುಲೈ ಕೊನೆಗೆ. ಪ್ರತಿ ಸೋಮವಾರ ಫೋನ್, ಪ್ರತಿ ಸೋಮವಾರ "ನೆಕ್ಸ್ಟ್ ವೀಕ್". ನೀವು ಅಗ್ರಿಮೆಂಟಲ್ಲಿ ತಡ ಆದ್ರೆ ಎಷ್ಟು ಕಡಿತ ಅಂತ ಬರೆಸಿ, ನಾವು ಬರೆಸ್ಲಿಲ್ಲ.

ಮಧ್ಯದಲ್ಲಿ ಒಂದು ಸಲ ಅತ್ತೆಯನ್ನೇ ರೈಲಲ್ಲಿ ಗಾಡಿ ಕಟ್ಟುವಲ್ಲಿಗೆ ಕರ್ಕೊಂಡು ಹೋದದ್ದು ಒಳ್ಳೆದಾಯ್ತು. ಟಾಯ್ಲೆಟಿನ ಒಳಗೆ ಹಿಡಿಯುವ ರಾಡು ಎಲ್ಲಿ ಬರ್ಬೇಕು ಅಂತ ಅವರು ಕೂತು, ಎದ್ದು, ಕೈ ಇಟ್ಟಲ್ಲಿ ಪೆನ್ಸಿಲಿನಲ್ಲಿ ಮಾರ್ಕ್ ಹಾಕಿದ್ದು. ಕಟ್ಟುವವರು ಡ್ರಾಯಿಂಗಿನಲ್ಲಿ ತೋರಿಸಿದ್ದಕ್ಕಿಂತ ಅರ್ಧ ಅಡಿ ಕೆಳಗೆ ಬಂತು. ಮೆಟ್ಲು ಒಂದರ ಬದ್ಲು ಎರಡು ಮಾಡಿಸಿದೆವು. ಎಸಿ ಬಗ್ಗೆ ಇವರಿಗೂ ಕಟ್ಟುವವರಿಗೂ ಜಗಳ. ಲೆಕ್ಕ ಸಣ್ಣದು, 12 ವೋಲ್ಟಿನ 200 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಅಂದ್ರೆ ಎರಡೂವರೆ ಯೂನಿಟ್, ಎಸಿ ಗಂಟೆಗೆ ಒಂದು ಯೂನಿಟ್ ತಿಂದ್ರೆ ಎರಡು-ಎರಡೂವರೆ ಗಂಟೆಯಲ್ಲಿ ಮುಗೀತು. ನಮ್ಮ ಸೆಕೆಗೆ ಎರಡು ಗಂಟೆಯ ಎಸಿ ಯಾವ ಮೂಲೆಗೆ. ಕಡೆಗೆ ಎಸಿ ಹಾಕಿಸಿದೆವು, ಆದ್ರೆ ನಂಟರ ಮನೆಯಲ್ಲೋ ದೇವಸ್ಥಾನದಲ್ಲೋ 15 ಆಂಪಿಯರ್ ಪ್ಲಗ್ ಸಿಕ್ಕಿದ್ರೆ ಮಾತ್ರ ಹಾಕುದು, ಬಾಕಿ ಸಮಯ ಎರಡು ಫ್ಯಾನು.

ಆಟಿ ತಿಂಗಳ ಜೋರು ಮಳೆಯಲ್ಲೇ ಟೆಂಪರರಿ ನಂಬರ್ ಹಾಕಿ ಮನೆಗೆ ತಂದದ್ದು. ತಂದ ದಿನವೇ ಓಣಿಯ ಏರಿನಲ್ಲಿ ಹಿಂದಿನ ಬಂಪರ್ ನೆಲಕ್ಕೆ ತಾಗಿ ಕರ್ ಅಂತ ಸದ್ದು, ಗಾಡಿಯ ಹಿಂದಿನ ಚಕ್ರದಿಂದ ಆಚೆ ಬಾಡಿ ಉದ್ದ ಇರ್ತದಲ್ಲ, ಅದನ್ನು ನಾವು ಅಳತೆಯೇ ಮಾಡ್ಲಿಲ್ಲ. ಮರುದಿನ ಜೆಸಿಬಿ ತಂದು ಮೂರು ಗಂಟೆ ಏರು ತಗ್ಗಿಸಿದ್ದು, 4,200. ಜಾಲಿನ ಮೇಲೆ ಹೋಗುವ ಕರೆಂಟಿನ ವಯರ್ ಎತ್ತರ ಮಾಡ್ಲಿಕ್ಕೆ ಬೇರೆ. ಮೂರನೇ ರಾತ್ರಿ ಅತ್ತೆ "ಒಂದು ಸಲ ಮಲಗಿ ನೋಡ್ತೇನೆ" ಅಂತ ಜಾಲಲ್ಲೇ ಗಾಡಿಯ ಒಳಗೆ ಮಲಗಿದ್ರು. ಎರಡು ಗಂಟೆಗೆ ಫೋನ್. ಓಡಿ ಹೋಗಿ ನೋಡಿದ್ರೆ ಅವರು ಮಂಚದ ಒಂದು ಬದಿಗೆ ಸರಿದು ಕೂತಿದ್ದಾರೆ, ಮಧ್ಯದಲ್ಲಿ ಚೆಂಬು ಇಟ್ಟಿದ್ದಾರೆ, ಮೇಲಿನ ಫ್ಯಾನಿನ ಕಿಂಡಿಯಿಂದ ಟಣ್ ಟಣ್ ಅಂತ ನೀರು. "ಎಬ್ಬಿಸ್ಬಾರ್ದು ಅಂತ ಇದ್ದೆ, ಚೆಂಬು ತುಂಬಿತು" ಅಂದ್ರು. ಕಟ್ಟಿದವರ ಊರಲ್ಲಿ ಅಂಥ ಮಳೆಯೇ ಇಲ್ಲ, ಟೆಸ್ಟ್ ಮಾಡಿದ್ದು ಹೋಸ್ ಪೈಪಲ್ಲಿ. ಅವರ ಕಡೆಯಿಂದ ಜನ ಬಂದು ಸೀಲಂಟ್ ಎಲ್ಲ ಕೆರೆದು ಹೊಸದು ಹಾಕುವಾಗ ಹದಿನೆಂಟು ದಿನ. ಗಾಡಿ ತೆಗೊಳ್ಳುವಾಗ ಮಳೆಗಾಲದಲ್ಲೇ ತೆಗೊಳ್ಳಿ, ಬೇಸಗೆಯಲ್ಲಿ ತೆಗೊಂಡ್ರೆ ಇದು ಗೊತ್ತಾಗುವಾಗ ವಾರಂಟಿ ಮುಗಿದಿರ್ಲೂಬಹುದು.

ರಿಜಿಸ್ಟ್ರೇಶನ್ ಮೊದಲು ಒಂದು ಗಡಿನಾಡಿನ ಉಪದ್ರ ಹೇಳ್ತೇನೆ. ಮಂಗಳೂರಿನ ನಮ್ಮ ದೊಡ್ಡಮ್ಮನ ಮಗ "ನನ್ನ ಅಡ್ರೆಸ್ಸಿನಲ್ಲಿ ಕೆಎ-19 ಮಾಡಿಸಿ, ಎಲ್ಲ ಕನ್ನಡದಲ್ಲೇ ಮುಗೀತದೆ" ಅಂತ ಹಿಂದೆ ಬಿದ್ದಿದ್ದ. ಆಸೆ ಆಯ್ತು, ಸುಳ್ಳು ಯಾಕೆ. ಆದ್ರೆ ನಾವು ಇರುವ, ಗಾಡಿ ನಿಲ್ಲುವ ರಾಜ್ಯದಲ್ಲೇ ರಿಜಿಸ್ಟರ್ ಮಾಡ್ಬೇಕು, ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ರೆ ಇಲ್ಲಿಯ ನಂಬರಿಗೆ ಬದಲಾಯಿಸ್ಬೇಕು, ಟ್ಯಾಕ್ಸೂ ಇಲ್ಲಿ ಕಟ್ಬೇಕು. ತಲಪಾಡಿ ಗಡಿ ದಾಟಿದ್ರೆ ಎಲ್ಲ ಬದಲಾಗುದಿಲ್ಲ. ಕಾಸರಗೋಡಿನ ಕೆಎಲ್-14ಏ ಆಯ್ತು.

ಸರ್ಕಾರಿ ಅರ್ಜಿ ಆನ್‌ಲೈನಿನಲ್ಲಿ ಹಾಕಿ ಕೊಡುವ ಅಕ್ಷಯ ಸೆಂಟರಿನಲ್ಲಿ ಕೂತು ಅಪ್ಲೈ ಮಾಡಿದ್ದು. ಮಲಯಾಳ ನನಗೆ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಅಕ್ಷರ ಅಕ್ಷರ ಕೂಡಿಸ್ಬೇಕು, ಶಾಲೆಯ ಸರ್ಕ್ಯುಲರ್ ಓದಿ ಓದಿ ಕಲ್ತದ್ದು ಅಲ್ಲಿ ಉಪಯೋಗಕ್ಕೆ ಬಂತು. ಬೇಕಾದ ಪೇಪರ್ ಫಾರ್ಮ್ 20, ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21, ಬಾಡಿ ಬೇರೆಯವರು ಕಟ್ಟಿದ ಗಾಡಿಗೆ 22-ಎ, ಅದರಲ್ಲಿ ಒಂದನೇ ಭಾಗ ಗಾಡಿಯ ಕಂಪೆನಿಯದ್ದು, ಎರಡನೇ ಭಾಗ ಬಾಡಿ ಕಟ್ಟಿದವರದ್ದು. ಅಪ್ರೂವಲ್ ಕಾಪಿ, ಎರಡೂ ಇನ್‌ವಾಯ್ಸ್, ಇನ್ಶೂರೆನ್ಸ್, ಆಧಾರ್. ಇವರ ಹೆಸರು ಆಧಾರಿನಲ್ಲಿ ಒಂದು ಥರ, ಲೋನಿನಲ್ಲಿ ಒಂದು ಥರ. ಕನ್ನಡ ಹೆಸರನ್ನು ಮಲಯಾಳಕ್ಕೆ ಬರೆದು ಅದನ್ನು ಪುನಃ ಇಂಗ್ಲಿಷಿಗೆ ಮಾಡುವಾಗ ಭಟ್ಟರು ಬಾಟ್ ಆಗ್ತಾರೆ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು ಇದು. ಅಫಿಡವಿಟ್ ಮಾಡಿಸಿದೆವು, ನಾಲ್ಕು ದಿನ ಹೋಯ್ತು.

ಇನ್‌ಸ್ಪೆಕ್ಷನ್ ದಿನ ಅತ್ತೆಯೂ ಬಂದಿದ್ರು. ಆಫೀಸರ್ ಒಳಗೆ ಹತ್ತಿ ಮಂಚ, ಸ್ಟವ್, ಟಾಯ್ಲೆಟ್ ಎಲ್ಲ ನೋಡಿ ಖುಷಿಯಲ್ಲೇ ಫೋಟೋ ತೆಗೆದ್ರು. ಮತ್ತೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು 22-ಎ ಜೊತೆ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದ್ರು. ಹದಿನೇಳು ಅಕ್ಷರ. ಹನ್ನೊಂದರಲ್ಲಿ ಬೆರಳು ನಿಂತಿತು. ಗಾಡಿಯಲ್ಲಿ 8, ಬಾಡಿ ಕಟ್ಟಿದವರ ಸರ್ಟಿಫಿಕೇಟಿನಲ್ಲಿ ಬಿ. ಅವರು ಪಾಪ ಕಾಗದ ನನ್ನ ಕೈಗೆ ಕೊಟ್ಟು "ಟೀಚರೇ, ನೀವೇ ನೋಡಿ" ಅಂದ್ರು. ಜೀವನ ಪೂರ್ತಿ ಮಕ್ಕಳ ಕಾಗುಣಿತ ತಿದ್ದಿದವಳು ನಾನು, ಅದೇ ಕಾಗದವನ್ನು ಏಳು ಸಲ ಜೆರಾಕ್ಸ್ ಮಾಡಿಸಿದ್ದೆ, ಒಂದು ಸಲವೂ ಕಣ್ಣಿಗೆ ಬೀಳ್ಲಿಲ್ಲ. ಹೊಸ ಸರ್ಟಿಫಿಕೇಟ್ ಕೊರಿಯರಲ್ಲಿ ಬರ್ಲಿಕ್ಕೆ ಮೂರು ವಾರ, ಅದರ ಮಧ್ಯೆ ದಸರಾ ರಜೆ, ಪುನಃ ಸ್ಲಾಟ್ ಬುಕ್. ಗಾಡಿ ಕೈಗೆ ಬಂದ ದಿನವೇ ಪೆನ್ಸಿಲ್ ಪ್ರಿಂಟ್ ತೆಗೆದು ಎಲ್ಲ ಕಾಗದದ ಜೊತೆ ಜೋರಾಗಿ ಓದಿ, ಒಬ್ರು ಓದುದು ಒಬ್ರು ನೋಡುದು.

ಇನ್ಶೂರೆನ್ಸಿನಲ್ಲೂ ಒಂದು ಉಂಟು. ಮೊದ್ಲು ಬಂದ ಪಾಲಿಸಿಯಲ್ಲಿ ಬೆಲೆ ಬರೀ ಬೇಸ್ ಗಾಡಿಯದ್ದು ಹಾಕಿದ್ರು, ಒಳಗಿನ 12 ಲಕ್ಷದ ಕೆಲಸ ಲೆಕ್ಕಕ್ಕೇ ಇಲ್ಲ. ಕೇಳಿ ಸೇರಿಸಿದ್ದು, ಪ್ರೀಮಿಯಂ 19,000 ಜಾಸ್ತಿ ಆಯ್ತು. ಫಾಸ್ಟ್ಯಾಗ್ ತೆಗೊಳ್ಳುವಾಗ ಕಾರು ಅಂತ ಕೊಡ್ಲಿಕ್ಕೆ ನೋಡ್ತಾರೆ, ಆರ್‌ಸಿ ತೋರಿಸಿ ಸರಿಯಾದ ಕ್ಲಾಸ್ ಹಾಕಿಸಿ. ಮತ್ತೆ ಒಂದು ಸಲ ನೀರು ತುಂಬಿಸಿ, ಸಾಮಾನು ಹಾಕಿ, ಎಲ್ಲರೂ ಕೂತು ವೇ ಬ್ರಿಡ್ಜಿಗೆ ಹೋಗಿ. 100 ಲೀಟರ್ ನೀರು ಅಂದ್ರೆ 100 ಕೆಜಿ, ಅದು ನೆನಪಿಗೇ ಬರುದಿಲ್ಲ. ನಮ್ಮದು ತೂಗಿ ನೋಡಿದ್ರೆ ಮಿತಿಗೆ 140 ಕೆಜಿ ಮಾತ್ರ ಬಾಕಿ, ಇವರು ಇಡ್ಬೇಕು ಅಂತಿದ್ದ ಜನರೇಟರ್ ಅಲ್ಲಿಗೆ ಕ್ಯಾನ್ಸಲ್.

ಟ್ರೈಲರ್ ನೆನಪಾಗುದಿಲ್ಲ ಅಂತ ಅಲ್ಲ. ಮೊನ್ನೆ ಮಧೂರು ದೇವಸ್ಥಾನಕ್ಕೆ ಹೋದಾಗ ದೂರ ನಿಲ್ಸಿ ರಿಕ್ಷ ಮಾಡ್ಬೇಕಾಯ್ತು, ಆಗ ಇವರು ನನ್ನ ಮುಖ ನೋಡಿದ್ರು, ಬಿಚ್ಚಿಟ್ಟು ಪಿಕಪ್ಪಲ್ಲಿ ಹೋಗಬಹುದಿತ್ತು ಅಂತ. ನಾನು ನೋಡದ ಹಾಗೆ ಮಾಡಿದೆ.

ಬರುವ ಶನಿವಾರ ಗೋಕರ್ಣಕ್ಕೆ ಹೊರಡ್ತೇವೆ. ನಿನ್ನೆ ರಾತ್ರಿ ಅತ್ತೆ ಗಾಡಿಯ ಅಡಿಗೆ ಶೆಲ್ಫಿನಲ್ಲಿ ಅವರ ಎರಡು ಲೀಟರಿನ ಸ್ಟೀಲ್ ಬಾಟ್ಲಿ ಇಟ್ಟು ಬಂದಿದ್ದಾರೆ, ತುಂಬಿಸಿಯೇ ಇಟ್ಟಿದ್ದಾರೆ.